ಒಂಬತ್ತು ಮನೆಗೆ ಒಂದೇ ಕೀಲಿ

ಜೂನ್ 4

ಚಿಲಕಮ್ಮನಿಗೆ ಅಮ್ಮನ ಆಶೀರ್ವಾದ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನ್ ಮಾಡಿದರೆ "ಮೀಟಿಂಗಲ್ಲಿದೀನಿ, ಆಮೇಲೆ ಮಾಡ್ತೀನಮ್ಮ" ಅನ್ನುತ್ತೀಯ. ಆ "ಆಮೇಲೆ" ನಾಲ್ಕು ತಿಂಗಳಿಂದ ಬಂದಿಲ್ಲ. ಕಾಗದಕ್ಕೆ ಹಾಗೆ ಹೇಳಿ ನುಣುಚಿಕೊಳ್ಳಲು ಆಗುವುದಿಲ್ಲ. ಚಿಕ್ಕವಳಿದ್ದಾಗ ನೀನು ಬಾಯಿ ಮುಚ್ಚಿದೆಯೆಂದರೆ ಯಾರಿಂದಲೂ ತೆಗೆಸಲು ಆಗದು ಎಂದು ನಿನ್ನ ಅಪ್ಪ ಚಿಲಕ ಎಂದು ಕರೆದರು. ಪೊಲೀಸ್ ಆದ ಮೇಲೆ ಆ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯಲ್ಲಿ ಮೊನ್ನೆ ಮತ್ತೆ ಕಳ್ಳತನವಾಯಿತು. ಮಾರ್ಚ್‌ನಿಂದ ಇದು ನಾಲ್ಕನೆಯದು. ಈ ಸಲ ಎದುರು ಕಟ್ಟಡದ ಮೂರನೇ ಮಹಡಿಯ ನರ್ಸ್ ಮನೆ. ಅವಳು ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಂದರೆ ಬೀಗ ಹಾಕಿದ್ದು ಹಾಕಿದ ಹಾಗೇ ಇದೆ, ಒಳಗೆ ಕಪಾಟು ಬರಿದಾಗಿದೆ. ಅವಳ ತಾಯಿಯ ಸರ ಹೋಯಿತು. ಠಾಣೆಗೆ ಅವಳ ಜೊತೆ ನಾನೇ ಹೋದೆ. ದೂರು ಬರೆದುಕೊಳ್ಳುವವನು ತಲೆಯನ್ನೂ ಎತ್ತದೆ ಕೇಳಿದ: "ಬೀಗ ಒಡೆದಿಲ್ಲ ಅಂತೀರ. ಮತ್ತೆ ಕಳ್ಳತನ ಹೆಂಗಾಯ್ತು? ಮನೇಲೇ ಸರಿಯಾಗಿ ಹುಡುಕಿ." ನರ್ಸ್ ಅಲ್ಲೇ ಅತ್ತುಬಿಟ್ಟಳು. ನನಗೆ ಮೈ ಉರಿದುಹೋಯಿತು. ನನ್ನ ಮಗಳೂ ಇದೇ ಬಟ್ಟೆ ಹಾಕುತ್ತಾಳೆ ಎಂದು ಹೇಳಲು ನಾಲಿಗೆ ಏಳಲಿಲ್ಲ.

ಭಾನುವಾರ ಬೀದಿಯ ಸಂಘದ ಸಭೆ ಸೇರಿತು. ಅಧ್ಯಕ್ಷ ಬೇಕರಿಯವನಿಗೆ ಕ್ಯಾಮೆರಾ ಬೇಕು, ಗೇಟ್ ಬೇಕು, ಬಾಡಿಗೆಗೆ ಬರುವವರ ಫೋಟೊ ಬೇಕು. ಎರಡು ಗಂಟೆ ಕೂಗಾಡಿ, ಹೊರಗಿನವರು ಹೆಚ್ಚಾಗಿದ್ದಾರೆ ಎಂದು ತೀರ್ಮಾನ ಮಾಡಿದರು. ಹತ್ತು ವರ್ಷದ ಹಿಂದೆ ಇಲ್ಲಿ ಹನ್ನೊಂದು ಮನೆ ಇದ್ದವು. ಈಗ ನಮ್ಮ ಬೀಗದ ಅಂಗಡಿ ಬಾಗಿಲಲ್ಲಿ ನಿಂತರೆ ಆಕಾಶ ಕಾಣಬೇಕಾದರೆ ಕತ್ತು ಹಿಂದಕ್ಕೆ ಬಾಗಿಸಬೇಕು. ಹಾಗಿರುವಾಗ ಹೊರಗಿನವರು ಯಾರು, ಒಳಗಿನವರು ಯಾರು?

ವ್ಯಾಪಾರ ಮಾತ್ರ ಕಳ್ಳನ ದಯೆಯಿಂದ ಚೆನ್ನಾಗಿದೆ. ಮಾರ್ಚ್‌ನಲ್ಲಿ ಮೊದಲನೇ ಮನೆಗೆ ನುಗ್ಗಿದಾಗ ಒಂದೇ ವಾರದಲ್ಲಿ ಎಂಬತ್ತು ಬೀಗ ಮಾರಿದೆ. ನರ್ಸ್ ಮನೆಯದೂ ನಮ್ಮದೇ ಬೀಗ. ಕಳ್ಳನ ಕೈಲಿ ಅದನ್ನು ಒಡೆಯಲಾಗಲಿಲ್ಲ ನೋಡು.

ಏನಾದರೂ ಮಾಡು. ಅಕ್ಕಪಕ್ಕದವರಿಗೆ ಮುಖ ತೋರಿಸಲು ಆಗುತ್ತಿಲ್ಲ.

ನಿನ್ನ ಅಮ್ಮ


ಜೂನ್ 15

ಅಮ್ಮ,

ಕಾಗದ ತಲುಪಿತು. ಇಡೀ ಕ್ರೈಂ ಸ್ಕ್ವಾಡ್‌ನಲ್ಲಿ ಸ್ಟಾಂಪ್ ಹಚ್ಚಿದ ಕಾಗದ ಬರುವುದು ನನಗೊಬ್ಬಳಿಗೇ. ಹುಡುಗರು ಪ್ರೇಮಪತ್ರ ಎಂದುಕೊಂಡಿದ್ದರು. ಬೈಗುಳ ಎಂದು ತೋರಿಸಿದ ಮೇಲೆ ಸುಮ್ಮನಾದರು.

ನಿನ್ನ ಸಿಟ್ಟು ಅರ್ಥವಾಗುತ್ತದೆ. ಆದರೆ ಲೆಕ್ಕವನ್ನೂ ಕೇಳು. ನಿಮ್ಮ ಕಡೆಯ ಠಾಣೆ ತೆರೆದಾಗ ಅದರ ಪಾಲಿಗೆ ಮೂರು ಸಾವಿರ ಮನೆ ಇದ್ದವು, ಈಗ ನಲವತ್ತು ಸಾವಿರ. ಸಿಬ್ಬಂದಿ ಅಂದಿನಷ್ಟೇ. ಅದರಲ್ಲೂ ಹತ್ತು ಜನ ದಿನ ಬೆಳಗಾದರೆ ದೊಡ್ಡವರ ಕಾರಿನ ಮುಂದೆ ರಸ್ತೆ ಬಿಡಿಸಲು ಹೋಗುತ್ತಾರೆ. ಇನ್ನೊಂದು ವಿಷಯ, ಇದನ್ನು ಬೀದಿಯಲ್ಲಿ ಹೇಳಬೇಡ. ಪ್ರತಿ ಸೋಮವಾರ ನಮಗೆ ಒಂದು ಪಟ್ಟಿ ತೋರಿಸುತ್ತಾರೆ. ಯಾವ ಠಾಣೆಯಲ್ಲಿ ದೂರು ಹೆಚ್ಚಿದೆಯೋ ಆ ಇನ್ಸ್‌ಪೆಕ್ಟರ್ ಎಲ್ಲರೆದುರು ನಿಂತು ಬೈಸಿಕೊಳ್ಳಬೇಕು. ಅದಕ್ಕೇ ಬರೆಯುವವನು "ಮನೇಲೇ ಹುಡುಕಿ" ಅನ್ನುತ್ತಾನೆ. ಇದು ಸರಿ ಎಂದು ನಾನು ಹೇಳುತ್ತಿಲ್ಲ. ಹೀಗಿದೆ ಎಂದು ಹೇಳುತ್ತಿದ್ದೇನೆ.

ನರ್ಸ್ ಪ್ರಕರಣವನ್ನು ನಮ್ಮ ಸ್ಕ್ವಾಡ್‌ಗೆ ಕೊಡಿ ಎಂದು ಕೇಳಿ ತೆಗೆದುಕೊಂಡಿದ್ದೇನೆ. ಮೇಲಿನವರ ಎದುರು ನನ್ನ ಮಾನ ಇದರಲ್ಲಿದೆ. ಬೇಕರಿಯವನಿಗೆ ಮಾತ್ರ ಏನೂ ಹೇಳಬೇಡ.

ಮಂಡಿನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯ ತಾನೆ?

ನಿನ್ನ ಚಿಲಕ


ಜುಲೈ 2

ಅಮ್ಮ,

ಸಿಕ್ಕಿಬಿದ್ದ. ಈ ಕಾಗದ ತಲುಪುವಷ್ಟರಲ್ಲಿ ಪೇಪರ್ ನೋಡಿರುತ್ತೀಯ, ಫೋಟೊದಲ್ಲಿ ಎಡಗಡೆಯಿಂದ ಎರಡನೆಯವಳು ನಾನು.

ನಿಮ್ಮ ಬೀದಿಯ ಕೊನೆಯಲ್ಲಿ, ಕಟ್ಟುತ್ತಿರುವ ಕಟ್ಟಡದ ಹಿಂದಿನ ಕೋಣೆಯಲ್ಲಿ ಇರುವ ಬಣ್ಣ ಬಳಿಯುವವನು. ಮೇ ತಿಂಗಳಲ್ಲಿ ನರ್ಸ್ ಮನೆಗೆ ಬಣ್ಣ ಹೊಡೆದಿದ್ದವನು ಅವನೇ. ಜೇಬು ನೋಡಿದರೆ ಒಂದು ಕೀಲಿ ಸಿಕ್ಕಿತು. "ನನ್ನ ರೂಮಿಂದು ಮೇಡಂ" ಅಂದ. ನಾನೇ ಅದನ್ನು ಹಿಡಿದು ಮೂರು ಮಹಡಿ ಹತ್ತಿ ನರ್ಸ್ ಬಾಗಿಲಿಗೆ ಹಾಕಿದೆ. ಒಂದೇ ತಿರುವಿಗೆ ಬೀಗ ಕೈಗೆ ಬಂತು. ಅಮ್ಮ, ಆ ಕ್ಷಣ ಅಪ್ಪ ಇರಬೇಕಿತ್ತು ಅನಿಸಿತು.

ಅವನ ಕೋಣೆಯ ಬೀಗಕ್ಕೂ ಅದೇ ಕೀಲಿ ಹೊಂದುತ್ತದೆ, ಅದೂ ನಿಜ. ನರ್ಸ್ ಮನೆಯ ಕೀಲಿ ಕದ್ದು ಅಚ್ಚು ತೆಗೆಸಿ, ಅದಕ್ಕೆ ಹೊಂದುವ ಬೀಗವನ್ನು ತನ್ನ ಬಾಗಿಲಿಗೇ ಹಾಕಿಕೊಂಡು ಕಣ್ಣಿಗೆ ಮಣ್ಣೆರಚಿದ್ದಾನೆ ಎಂಬುದು ನಮ್ಮ ಇನ್ಸ್‌ಪೆಕ್ಟರ್ ಲೆಕ್ಕ. ಚಾಲಾಕಿ ಮನುಷ್ಯ.

ಈಗಲಾದರೂ ಮುಖ ತೋರಿಸಬಹುದಲ್ಲ?

ನಿನ್ನ ಚಿಲಕ


ಜುಲೈ 20

ಚಿಲಕಮ್ಮ,

ಪೇಪರ್ ನೋಡಿದೆ. ತೆಳ್ಳಗಾಗಿದ್ದೀಯ.

ಆ ಕೀಲಿಯ ತಲೆಯ ಮೇಲೆ ಒಂದು ನಂಬರ್ ಒತ್ತಿರುತ್ತದೆ. ಎಷ್ಟು ಎಂದು ನೋಡಿ ಬರೆ.

ಅಮ್ಮ


ಜುಲೈ 29

ಅಮ್ಮ,

ಮೂರು ವಾರ ಕಾಯಿಸಿ ಮೂರು ಸಾಲು ಬರೆದಿದ್ದೀಯ. ಮಗಳನ್ನು ಮೆಚ್ಚಿ ಒಂದು ಮಾತು ಬರೆದರೆ ಇಂಕು ಖರ್ಚಾಗುತ್ತದೆಯೇ?

ನಂಬರ್ 417. ಕೀಲಿ ಮೊಹರಿನ ಕವರ್‌ನಲ್ಲಿದೆ, ಜಪ್ತಿ ಪಟ್ಟಿಯಲ್ಲಿ ನೋಡಿ ಬರೆಯುತ್ತಿದ್ದೇನೆ. ಅದು ಯಾಕೆ ಬೇಕು ನಿನಗೆ?

ಅವನು ಒಳಗೆ ಹೋದ ಮೇಲೆ ನಿಮ್ಮ ಬೀದಿಯಿಂದ ಒಂದೂ ದೂರು ಬಂದಿಲ್ಲ. ಸೋಮವಾರದ ಪಟ್ಟಿಯಲ್ಲಿ ನಿಮ್ಮ ಠಾಣೆಯ ಎದುರು ಸೊನ್ನೆ ಇತ್ತು. ಸಾಹೇಬರು ನನ್ನ ಕಡೆ ನೋಡಿ ನಕ್ಕರು. ಬೇಕರಿಯವನು ಒಂದು ಡಬ್ಬ ಬಿಸ್ಕತ್ತು ಕಳಿಸಿದ್ದಾನೆ, ನೀನು ಏನೂ ಕಳಿಸಿಲ್ಲ.

ನಿನ್ನ ಚಿಲಕ


ಆಗಸ್ಟ್ 9

ಚಿಲಕಮ್ಮ,

ಇದನ್ನು ಒಬ್ಬಳೇ ಕುಳಿತು ಓದು.

ನಾವು ಮಾರುವ ಅಗ್ಗದ ಬೀಗ ಡಜನ್ ಪೆಟ್ಟಿಗೆಯಲ್ಲಿ ಬರುತ್ತದೆ. ಪ್ರತಿ ಬೀಗಕ್ಕೂ ಬೇರೆ ಕೀಲಿ ಎಂದು ಜನ ತಿಳಿದಿದ್ದಾರೆ. ಹಾಗಿಲ್ಲ. ಕಾರ್ಖಾನೆಯವನು ಕೀಲಿಗೆ ಹತ್ತೋ ಹದಿನೈದೋ ಬಗೆಯ ಹಲ್ಲು ಕೊಯ್ದು ಒಂದೊಂದಕ್ಕೆ ಒಂದು ನಂಬರ್ ಕೊಡುತ್ತಾನೆ, ಅದನ್ನೇ ಮತ್ತೆ ಮತ್ತೆ ಹಾಕುತ್ತಾನೆ. ಒಂದೇ ನಂಬರಿನ ಎರಡು ಬೀಗ ಇದ್ದರೆ ಇದರ ಕೀಲಿ ಅದಕ್ಕೆ, ಅದರದು ಇದಕ್ಕೆ. ಕಸುಬಿನವರಿಗೆಲ್ಲ ಗೊತ್ತಿರುವ ಸಂಗತಿ ಇದು. ಅದಕ್ಕೇ ನಿನ್ನ ಅಪ್ಪ ಪ್ರತಿ ಬೀಗದ ನಂಬರನ್ನು ಪುಸ್ತಕದಲ್ಲಿ ಬರೆದು, ಕೊಳ್ಳುವವರ ಮನೆ ಎಲ್ಲಿ ಎಂದು ಕೇಳಿಯೇ ಕೊಡುತ್ತಿದ್ದರು. ಒಂದು ಬೀದಿಗೆ ಒಂದು ನಂಬರಿನ ಒಂದೇ ಬೀಗ. ಅದೇ ನಂಬರಿನ ಇನ್ನೊಂದು ಬೇರೆ ಬಡಾವಣೆಗೆ ಹೋಗಬೇಕು. ಗಿರಾಕಿ ಅವಸರ ಮಾಡಿದರೆ "ನಿಮ್ಮನೆ ಬಾಗ್ಲಿಗೇ ಕಣಪ್ಪ ಇಷ್ಟು ಹೊತ್ತು" ಅನ್ನುತ್ತಿದ್ದರು.

ಮಾರ್ಚ್‌ನಲ್ಲಿ ಅಂಗಡಿ ಮುಂದೆ ಸಾಲು ನಿಂತಿತ್ತು. ಎಲ್ಲರಿಗೂ ಹೆದರಿಕೆ, ಎಲ್ಲರಿಗೂ ಅವತ್ತೇ ಬೀಗ ಬೇಕು. ನಾನು ಪುಸ್ತಕ ತೆಗೆಯಲಿಲ್ಲ. ಪೆಟ್ಟಿಗೆ ಬಿಚ್ಚಿ ಬಿಚ್ಚಿ ಕೊಟ್ಟೆ. ಆಮೇಲಾದರೂ ಬರೆಯಬಹುದಿತ್ತು, ಬರೆಯಲಿಲ್ಲ. ನರ್ಸ್‌ಗೆ ಕೊಟ್ಟವಳು ನಾನು, ಬಣ್ಣದವನಿಗೆ ಕೊಟ್ಟವಳೂ ನಾನು.

ಎರಡು ಬಾಗಿಲಿಗೂ ಒಂದೇ ಕೀಲಿ ಎಂದು ನೀನು ಬರೆದದ್ದನ್ನು ಓದಿದಾಗಲೇ ಮಾರ್ಚ್ ತಿಂಗಳ ಆ ಪೆಟ್ಟಿಗೆಗಳು ನೆನಪಾದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಮೂರು ವಾರ ಇದ್ದೆ. ನೀನು ನಂಬರ್ ಬರೆದ ಮೇಲೆ ಉಳಿದ ಪೆಟ್ಟಿಗೆಯಲ್ಲಿ ಒಂದು 417 ಹುಡುಕಿ, ಅದರ ಕೀಲಿ ಹಿಡಿದು ಮನೆ ಮನೆಗೆ ಹೋದೆ. "ಮಳೆಗಾಲ, ಬೀಗಕ್ಕೆ ಎಣ್ಣೆ ಬಿಡ್ತೀನಿ, ದುಡ್ಡು ಬೇಡ" ಎಂದೆ. ನಲವತ್ತೊಂದು ಬೀಗಕ್ಕೆ ಎಣ್ಣೆ ಬಿಟ್ಟೆ. ಒಂಬತ್ತು ಮನೆಯವು ಆ ಕೀಲಿಗೆ ತೆರೆದುಕೊಂಡವು. ಬೇಕರಿಯದೂ ಸೇರಿ. ಅವನು ಪಕ್ಕದಲ್ಲೇ ನಿಂತು ನಿನ್ನ ಗುಣಗಾನ ಮಾಡುತ್ತಿದ್ದ.

ನರ್ಸ್ ಮನೆಗೆ ನುಗ್ಗಿದವನ ಹತ್ತಿರ ಇದೇ ಕಂಪನಿಯ ಬೀಗದ ಬೇರೆ ಬೇರೆ ನಂಬರಿನ ಹತ್ತು ಕೀಲಿ ಇದ್ದರೆ ಸಾಕಿತ್ತು. ಅವನು ಯಾರೋ ನನಗೆ ಗೊತ್ತಿಲ್ಲ. ನೀವು ಹಿಡಿದವನಂತೂ ತನ್ನ ಕೋಣೆಯ ಕೀಲಿ ಜೇಬಿನಲ್ಲಿಟ್ಟುಕೊಂಡು ತಿರುಗಿದ, ಅಷ್ಟೆ. ಸೊನ್ನೆ ಎಂದು ಬರೆದಿದ್ದೀಯ. ಜುಲೈನಲ್ಲಿ ಇನ್ನೂ ಎರಡು ಮನೆಗೆ ನುಗ್ಗಿದ್ದಾರೆ. ಕಳ್ಳ ಸಿಕ್ಕಿದಾನಲ್ಲ, ಮತ್ತೇನು ಎಂದು ಠಾಣೆಯಲ್ಲಿ ಬರೆದುಕೊಳ್ಳಲಿಲ್ಲ.

ನಿನ್ನೆ ಅವನ ಹೆಂಡತಿ ಅಂಗಡಿಗೆ ಬಂದಿದ್ದಳು. ಅವರ ಬೀಗವನ್ನು ನೀವು ಸಾಕ್ಷಿಗೆಂದು ಒಯ್ದಿದ್ದೀರಂತೆ, ಬಾಗಿಲಿಗೆ ಹಗ್ಗ ಕಟ್ಟಿಕೊಂಡಿದ್ದಾಳೆ. "ಗಟ್ಟಿದೊಂದು ಕೊಡಿ ಅಕ್ಕ" ಅಂದಳು. ಕೊಟ್ಟೆ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ, ಮೊದಲು ನಿನಗೆ ಹೇಳಬೇಕು ಎಂದು.

ಅವನನ್ನು ಬಿಡಿಸು. ತಪ್ಪು ನನ್ನದು. ಬರೆದು ಕೊಡು ಎಂದರೆ ಬರೆದು ಕೊಡುತ್ತೇನೆ.

ಅಮ್ಮ


ಆಗಸ್ಟ್ 16

ಅಮ್ಮ,

ನಿನ್ನ ಕಾಗದವನ್ನು ಹರಿದು ಹಾಕಿದ್ದೇನೆ. ಇದನ್ನೂ ಓದಿದ ಮೇಲೆ ಹರಿದು ಹಾಕು.

ಯಾರಿಗೂ ಏನೂ ಹೇಳಬೇಡ. ದೋಷಾರೋಪ ಪಟ್ಟಿ ಕೋರ್ಟಿಗೆ ಹೋಗಿಯಾಗಿದೆ, ಅದರಲ್ಲಿ ನನ್ನ ಸಹಿ ಇದೆ. ಕೀಲಿ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಈಗ ತನಿಖೆ ಮಾಡಿದ ಅಧಿಕಾರಿಯ ತಾಯಿಯೇ ಬಂದು ಆ ಕೀಲಿ ಊರಿಗೆಲ್ಲ ಹೊಂದುತ್ತದೆ ಅಂದರೆ ನನ್ನ ಗತಿ ಏನು ಎಂದು ಯೋಚಿಸಿದ್ದೀಯಾ? ಈ ಸ್ಕ್ವಾಡ್‌ಗೆ ಬರಲು ನಾನು ಏಳು ವರ್ಷ ಸವೆದಿದ್ದೇನೆ. ಒಂದು ತಪ್ಪಿಗಾಗಿ ಕಾಯುತ್ತಿರುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಿನ್ನ ಅಂಗಡಿಯ ಗತಿಯನ್ನೂ ಯೋಚಿಸು. ಒಂಬತ್ತು ಮನೆಗೆ ಒಂದೇ ಕೀಲಿ ಕೊಟ್ಟವಳ ಹತ್ತಿರ ಯಾರು ಬರುತ್ತಾರೆ? ಆ ಬೀಗಗಳನ್ನು ಏನಾದರೂ ನೆಪ ಹೇಳಿ ಸದ್ದಿಲ್ಲದೆ ಬದಲಾಯಿಸಿಬಿಡು. ಸಾಕು.

ಮತ್ತೆ ಅವನು ತಪ್ಪು ಒಪ್ಪಿಕೊಂಡಿದ್ದಾನೆ ಅಮ್ಮ. ಸುಮ್ಮನೆ ಯಾರಾದರೂ ಒಪ್ಪಿಕೊಳ್ಳುತ್ತಾರಾ? ಐದಾರು ತಿಂಗಳಲ್ಲಿ ಹೇಗೂ ಜಾಮೀನು ಸಿಗುತ್ತದೆ.

ನಿನ್ನ ಮಗಳು


ಆಗಸ್ಟ್ 31

ಚಿಲಕಮ್ಮ,

ಒಪ್ಪಿಕೊಂಡ ಎಂದು ಬರೆದಿದ್ದೀಯ. ಹೇಗೆ ಒಪ್ಪಿಕೊಂಡ ಎಂದು ಬರೆದಿಲ್ಲ.

ಅವನ ಹೆಂಡತಿ ಜೈಲಿಗೆ ಹೋಗಿ ನೋಡಿ ಬಂದಳು. ಬಲಗೈ ಬೆರಳು ಮಡಚಲು ಬರುತ್ತಿಲ್ಲವಂತೆ, ನೀರಿನ ಲೋಟವನ್ನು ಎಡಗೈಯಲ್ಲಿ ಹಿಡಿದನಂತೆ. ಬಣ್ಣ ಬಳಿಯುವವನು ಅವನು. ಯಾರು ಮಾಡಿದ್ದು? ನೀನು ಆ ಕೋಣೆಯಲ್ಲಿ ಇದ್ದೆಯಾ? ಎದುರಿಗೆ ಕೇಳುವ ಧೈರ್ಯ ನನಗಿಲ್ಲ, ಅದಕ್ಕೆ ಬರೆದು ಕೇಳುತ್ತಿದ್ದೇನೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ನಗುತ್ತಿದ್ದೆವು. ಬರೆ ನಮ್ಮ ಮನೆಯಲ್ಲೇ ಕಾಯಿಸಿದ್ದು ಎಂದು ಗೊತ್ತಾದ ಮೇಲೆ ನಗು ಬರುತ್ತಿಲ್ಲ.

ಭಾನುವಾರದ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನಿನ್ನ ಕಾಗದದ ಮಾತು ಮಾತ್ರ ಎತ್ತಲಿಲ್ಲ. ಬೇಕರಿಯವನು ಮೊದಲು ನಕ್ಕ. "ತಮಾಷೆ ಮಾಡ್ತಿದೀರಾ ಅಕ್ಕ?" ಅಂದ. ಅವನ ಕೀಲಿ ಇಸಿದುಕೊಂಡು ನರ್ಸ್ ಬೀಗಕ್ಕೆ ಹಾಕಿ ತೋರಿಸಿದೆ. ಆಮೇಲೆ ಆದ ಗಲಾಟೆಯನ್ನು ಬರೆಯುವುದಿಲ್ಲ. ಮರುದಿನ ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಇಪ್ಪತ್ತೇಳು ಬೀಗ ಬಿದ್ದಿದ್ದವು. ಒಂದನ್ನು ಬೋರ್ಡಿಗೆ ಬೀಸಿ ಎಸೆದಿದ್ದರು. ಅದೆಲ್ಲ ನನಗೆ ಬರಬೇಕಾದ್ದೇ, ದೂರುವುದಿಲ್ಲ.

ನನಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿದ್ದು ಬೇರೆ ಮಾತಿಗೆ. ಒಂದು ಗಂಟೆ ಗಂಟಲು ಹರಿದುಕೊಂಡು ಹೇಳಿದ ಮೇಲೆ ಬೇಕರಿಯವನು ಹೇಳಿದ: "ಅದೆಲ್ಲ ಸರಿ ಅಕ್ಕ. ಆದ್ರೂ ಅವ್ನೇ ಇರ್ಬೇಕು. ಪೊಲೀಸ್ನೋರು ಸುಮ್ನೆ ಹಿಡಿತಾರಾ?" ಎಲ್ಲರೂ ಹೌದು ಹೌದು ಅಂದರು. ಮಾರ್ಚ್‌ನಿಂದ ಪೊಲೀಸರನ್ನು ಬಾಯಿಗೆ ಬಂದಂತೆ ಬೈದ ಜನ. ತಮ್ಮ ದೂರನ್ನು ಪೊಲೀಸರು ನಂಬುವುದಿಲ್ಲ ಎಂದು ಕೂಗಾಡುವವರು, ಬಣ್ಣದವನ ವಿಷಯದಲ್ಲಿ ಮಾತ್ರ ಅದೇ ಪೊಲೀಸರನ್ನು ಕಣ್ಣು ಮುಚ್ಚಿ ನಂಬುತ್ತಾರೆ. ನರ್ಸ್ ಮಾತ್ರ ಎದ್ದು ಹೋದಳು.

ಕೋರ್ಟು ಅವನಿಗೆ ಒಬ್ಬ ವಕೀಲರನ್ನು ಕೊಟ್ಟಿದೆ. ಅವರು ಬಂದು ನನ್ನನ್ನು ಕಂಡರು. ಸೆಪ್ಟೆಂಬರ್ 20ಕ್ಕೆ ಜಾಮೀನು ಅರ್ಜಿಯಿದೆ, ಬೀಗ ತಂದು ತೋರಿಸಿ ಹೇಳಿಕೆ ಕೊಡುತ್ತೇನೆ ಎಂದೆ. "ಒಂದು ವಿಷಯ ಕೇಳ್ತಾರಮ್ಮ," ಅಂದರು, "ಇದನ್ನ ಮೊದ್ಲೇ ಪೊಲೀಸರಿಗೆ ತಿಳಿಸಿದ್ರಾ, ಇಲ್ವಾ ಅಂತ." ಆಗ ನಿನ್ನ ಆಗಸ್ಟ್ 16ರ ಕಾಗದ ನನ್ನ ದಿಂಬಿನ ಕೆಳಗೆ ಇತ್ತು. ನಾನು ಅದನ್ನು ಹರಿದಿಲ್ಲ.

ತಿಳಿಸಿದೆ ಎಂದರೆ ಯಾರಿಗೆ, ಏನು ಉತ್ತರ ಬಂತು ಎಂದು ಕೇಳುತ್ತಾರೆ. ನೀನೇ ಮೊದಲು ಹೋಗಿ ನಿಮ್ಮ ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರೆ ನನಗೆ ಆ ಪ್ರಶ್ನೆ ಬರುವುದಿಲ್ಲ. 20ರೊಳಗೆ ಹೇಳು. ಕೈಮುಗಿದು ಕೇಳುತ್ತೇನೆ.

ಅಮ್ಮ


ಸೆಪ್ಟೆಂಬರ್ 14

ಚಿಲಕಮ್ಮ,

ಉತ್ತರ ಬರಲಿಲ್ಲ. ಹನ್ನೊಂದು ಸಲ ಫೋನ್ ಮಾಡಿದ್ದೀಯ. ನಾನು ಎತ್ತಲಿಲ್ಲ. ಎತ್ತಿದರೆ ನೀನು ಅಳುತ್ತೀಯ, ಅತ್ತರೆ ನಾನು ಕರಗುತ್ತೇನೆ.

ಬರೆ. ಇನ್ನು ಆರು ದಿನ ಇದೆ.

ಅಮ್ಮ


ಸೆಪ್ಟೆಂಬರ್ 21

ಚಿಲಕಮ್ಮ,

ನೀನು ಬರೆಯಲಿಲ್ಲ. ನಿನ್ನೆ ಕೋರ್ಟಿಗೆ ಹೋದೆ.

ಆರು ಬೀಗ ತೆಗೆದುಕೊಂಡು ಹೋಗಿದ್ದೆ. ಮೊಹರಿನ ಕವರ್ ಒಡೆಸಿ ಅದೇ ಕೀಲಿ ಕೊಟ್ಟರು. ಆರನ್ನೂ ತೆಗೆದು ಮೇಜಿನ ಮೇಲೆ ಇಟ್ಟೆ. ನ್ಯಾಯಾಧೀಶರು ಒಂದನ್ನು ಕೈಗೆ ತೆಗೆದುಕೊಂಡು ತಾವೇ ಹಾಕಿ ತೆಗೆದು ನೋಡಿದರು. ಅವನನ್ನು ಬಿಡಲು ಅಷ್ಟು ಸಾಕಾಯಿತು.

ಆಮೇಲೆ ಆ ಪ್ರಶ್ನೆ ಕೇಳಿದರು. ನೀನು ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಬಂದಿದ್ದೀಯ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ನೀನು ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತಿದ್ದೆ. ಕಾಗದ ನನ್ನ ಚೀಲದಲ್ಲೇ ಇತ್ತು.

"ಇಲ್ಲ ಸ್ವಾಮಿ, ಯಾರಿಗೂ ತಿಳಿಸಿರ್ಲಿಲ್ಲ" ಎಂದೆ.

ತಿಳಿಸಿದ್ದರೆ ಇಷ್ಟು ದಿನ ಒಬ್ಬ ಅಮಾಯಕ ಒಳಗಿರುತ್ತಿರಲಿಲ್ಲ ಎಂದು ನನಗೇ ಬೈದರು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಬೇರೆಯವರ ಮಕ್ಕಳನ್ನು ನೋಡಿ ಎಷ್ಟು ಸಲ ಹೇಳಿಲ್ಲ ನಾನು.

ಬಾಗಿಲ ಹೊರಗೆ ಅವನು ನನ್ನ ಹತ್ತಿರ ಬಂದ. "ನಿಮ್ಮಿಂದ ಬದುಕಿದೆ ಅಮ್ಮ" ಅಂದ. ಕೈಮುಗಿಯಲು ಹೋದ, ಬಲಗೈ ನೆಟ್ಟಗಾಗಲಿಲ್ಲ, ಎಡಗೈಯಿಂದ ಅದನ್ನು ಹಿಡಿದು ಎತ್ತಿಕೊಂಡ. ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ. ನಾನು ನಿಜ ಹೇಳಿದ್ದರೆ ಪೊಲೀಸರ ಮೇಲೆ ವಿಚಾರಣೆ ನಡೆದು, ಆ ಕೈ ಹೇಗೆ ಹೀಗಾಯಿತು ಎಂದು ಯಾರಾದರೂ ಕೇಳುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ.

ತಿರುಗಿ ನೋಡುವಷ್ಟರಲ್ಲಿ ನೀನು ಹೊರಟುಹೋಗಿದ್ದೆ.

ಅಮ್ಮ


ಸೆಪ್ಟೆಂಬರ್ 27

ಅಮ್ಮ,

ನನ್ನನ್ನು ಉಳಿಸಿದೆ. ನೀನು "ಇಲ್ಲ" ಎಂದ ಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ. ಎಷ್ಟೋ ದಿನದ ಮೇಲೆ ಆ ದಿನ ಚೆನ್ನಾಗಿ ನಿದ್ದೆ ಬಂತು.

ಸಾಹೇಬರು ಬೈಯಲಿಲ್ಲ. ಬೀಗದ ಕಂಪನಿಯ ತಪ್ಪು, ನಮ್ಮದೇನಿದೆ ಅಂದರು. ಪ್ರಕರಣವನ್ನು ಮತ್ತೆ ನಿಮ್ಮ ಠಾಣೆಗೇ ಕಳಿಸಿದ್ದಾರೆ. ನನಗೆ ಬೇರೆ ಕೆಲಸ ಕೊಟ್ಟಿದ್ದಾರೆ, ಒಳ್ಳೆಯದೇ ಆಯಿತು.

ಅಂಗಡಿಯ ಚಿಂತೆ ಬಿಡು. ಒಂದೆರಡು ತಿಂಗಳಲ್ಲಿ ಜನ ಮರೆಯುತ್ತಾರೆ. ಬರುವ ಭಾನುವಾರ ರಜೆ ಸಿಕ್ಕಿದೆ, ಮನೆಗೆ ಬರುತ್ತೇನೆ. ಮುರಿದ ಬೋರ್ಡನ್ನು ನಾನೇ ಸರಿಮಾಡಿ ಕೊಡುತ್ತೇನೆ. ಮೊದಲಿನ ಹಾಗೆ ಇಬ್ಬರೂ ಕುಳಿತು ಊಟ ಮಾಡೋಣ.

ಆ ಕಾಗದವನ್ನು ಈಗಲಾದರೂ ಹರಿದು ಹಾಕು.

ನಿನ್ನ ಚಿಲಕ


ಅಕ್ಟೋಬರ್ 1

ಚಿಲಕಮ್ಮ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಎರಡನೇ ಸಲ ಕನ್ನಡಕ ಒರೆಸಿಕೊಂಡು ಓದಿದೆ, ನನ್ನ ಕಣ್ಣಿಗೆ ಏನಾದರೂ ತಪ್ಪಿತೇನೋ ಎಂದು. ಅವನ ಕೈ ಹೇಗಿದೆ ಎಂದು ನೀನು ಎಲ್ಲೂ ಕೇಳಿಲ್ಲ.

ಸರಿಯಾಗಿಲ್ಲ. ನರ್ಸ್ ತನ್ನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಇನ್ನು ಬ್ರಷ್ ಹಿಡಿಯುವುದು ಕಷ್ಟ ಅಂದರಂತೆ.

ನಾನು ಕೋರ್ಟಿನಲ್ಲಿ ಸುಳ್ಳು ಹೇಳಿದ್ದು ನಿನಗೆ ಸಮಯ ಕೊಡಲು. ಒಂದು ಸಲ ಪಾರಾದರೆ ನೀನಾಗಿಯೇ ಹೋಗಿ ಹೇಳುತ್ತೀಯ ಎಂದುಕೊಂಡಿದ್ದೆ. ನೀನು ನಿದ್ದೆ ಮಾಡಿದೆ. ನಿನ್ನ ಮೇಲೆ ಸಿಟ್ಟು ಇದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು ಇದೆ.

ಸೋಮವಾರ ಬೆಳಗ್ಗೆ ವಕೀಲರ ಹತ್ತಿರ ಹೋಗುತ್ತೇನೆ. ನಾನು ಕೊಟ್ಟ ಹೇಳಿಕೆ ಸುಳ್ಳು ಎಂದು ಬರೆದು, ನಿನ್ನ ಕಾಗದವನ್ನು ಜೊತೆಗೆ ಕೊಡುತ್ತೇನೆ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನನಗೂ ಶಿಕ್ಷೆ ಇದೆಯಂತೆ, ಕೇಳಿಕೊಂಡಿದ್ದೇನೆ. ಇರಲಿ.

ಭಾನುವಾರ ಬಾ. ನನ್ನನ್ನು ತಡೆಯಲು ಬರುವುದಾದರೂ ಬಾ, ಊಟ ಮಾಡಿಕೊಂಡು ಹೋಗು. ನನ್ನ ಜೊತೆ ವಕೀಲರ ಹತ್ತಿರ ಬರುವ ಮನಸ್ಸಿದ್ದರೆ ಸೋಮವಾರಕ್ಕೂ ರಜೆ ಹಾಕಿ ಬಾ.

ನಿನ್ನ ಅಮ್ಮ